ಭಾನುವಾರದ ಗ್ರೂಪ್ ಕಾಲ್

ಜ್ಞಾನಭಾರತಿ ಹತ್ತಿರದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ನಾನು ನೆಟ್‌ವರ್ಕಿಂಗ್ ಕಲಿಸುತ್ತೇನೆ. ಕೊಲಿಶನ್ ಡೊಮೇನ್ ಪಾಠವನ್ನು ಎಂಟು ವರ್ಷದಿಂದ ಹೇಳಿ ಹೇಳಿ ನಾಲಿಗೆ ಸವೆದಿದೆ. ಹಬ್ ಎಂಬ ಹಳೇ ಡಬ್ಬಕ್ಕೆ ನಾಲ್ಕು ಕಂಪ್ಯೂಟರ್ ಸೇರಿಸಿದರೆ ನಾಲ್ಕಕ್ಕೂ ಒಂದೇ ದಾರಿ. ಎರಡು ಒಟ್ಟಿಗೆ ಮಾತಾಡಿದರೆ ಡಿಕ್ಕಿಯಾಗಿ ಎರಡೂ ಮಾತು ಕೆಡುತ್ತವೆ. ಎರಡೂ ಸುಮ್ಮನಾಗಿ, ಸ್ವಲ್ಪ ಕಾದು, ಮತ್ತೆ ಶುರು ಮಾಡಬೇಕು. ಆ ಡಿಕ್ಕಿಯಾಗುವ ವಠಾರವೇ ಕೊಲಿಶನ್ ಡೊಮೇನ್. ಹಬ್ ಕಿತ್ತು ಸ್ವಿಚ್ ಇಟ್ಟರೆ ಒಂದೊಂದಕ್ಕೂ ಬೇರೆ ದಾರಿ, ತಂಟೆಯೇ ಇಲ್ಲ. ಇಷ್ಟೆಲ್ಲ ಗೊತ್ತಿದ್ದೂ ನನ್ನ ಮದುವೆಯ ವಿಷಯ ಬಂದಾಗ ನನ್ನ ಬುದ್ಧಿ ಹುಲ್ಲು ಮೇಯಲು ಹೋಗಿತ್ತು.

ಪ್ರತಿ ಭಾನುವಾರ ಹನ್ನೊಂದಕ್ಕೆ ನಮ್ಮ ಮನೆಯವರ ಗ್ರೂಪ್ ಕಾಲ್. ನಾಗರಬಾವಿಯಿಂದ ಅಜ್ಜಿ ಮುನಿತಾಯಮ್ಮ, ಅತ್ತಿಗುಪ್ಪೆಯಿಂದ ದೊಡ್ಡಮ್ಮ ಕೋಕಿಲಾ, ಕೆಂಗೇರಿಯಿಂದ ಚಿಕ್ಕಮ್ಮ ಮೇಧಾ, ವಿಜಯನಗರದಿಂದ ಅಮ್ಮ ಮತ್ತು ನಾನು. ಎಲ್ಲರೂ ಒಟ್ಟಿಗೆ ಶುರು ಮಾಡಿ ಒಟ್ಟಿಗೆ ನಿಲ್ಲಿಸುತ್ತಾರೆ.

"ನೀನೇ ಹೇಳಕ್ಕ," ಎನ್ನುತ್ತಾರೆ ಚಿಕ್ಕಮ್ಮ.

"ಇಲ್ಲ ಕಣೇ, ನೀನು ಹೇಳು," ಎನ್ನುತ್ತಾರೆ ದೊಡ್ಡಮ್ಮ.

ಮತ್ತೆ ಇಬ್ಬರೂ ಒಟ್ಟಿಗೆ. ಹಬ್‌ನಲ್ಲಿ ಯಾರು ಎಷ್ಟು ಕಾಯಬೇಕೆಂಬುದು ಅದೃಷ್ಟ, ನಮ್ಮಲ್ಲಿ ವಯಸ್ಸು. ದೊಡ್ಡವರು ಮೊದಲು. ಎಲ್ಲರಿಗಿಂತ ಚಿಕ್ಕವಳಾದ ನನ್ನ ಸರದಿ ಬರುವಷ್ಟರಲ್ಲಿ ಅಜ್ಜಿಯ ಕುಕ್ಕರ್ ಕೂಗಿ ಕಾಲ್ ಮುಗಿದಿರುತ್ತದೆ.

ಸಂಪತ್ ಎಂಬ ಗಂಡು ಬಂದು ನನ್ನನ್ನು ನೋಡಿಕೊಂಡು ಹೋಗಿದ್ದ. ಒಂದೂವರೆ ಗಂಟೆ ಎಲ್ಲರೆದುರು ತನ್ನ ಕಾರಿನ ಮೈಲೇಜ್ ಬಗ್ಗೆ ಕೊರೆದ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ನನಗೆ ಅವನು ಸುತರಾಂ ಬೇಡ. "ಎಲ್ರೂ ಒಪ್ಪಿದಾರಲ್ಲೇ, ನಾನೊಬ್ಳು ಏನ್ ಮಾಡ್ಲಿ? ಗ್ರೂಪ್ ಕಾಲ್‌ನಲ್ಲಿ ಹೇಳು," ಎಂದರು ಅಮ್ಮ. ಮೂರು ಭಾನುವಾರ "ಅಜ್ಜಿ, ನಂಗೆ" ಎಂದು ಬಾಯಿ ತೆರೆದೆ. ಮೂರು ಸಲವೂ ಡಿಕ್ಕಿ. ನಾಲ್ಕನೆಯ ಭಾನುವಾರ ಗಂಡಿನವರಿಗೆ ಮಾತು ಕೊಡುವುದೆಂದು ನಿಶ್ಚಯವಾಯಿತು.

ಶುಕ್ರವಾರ ಬೋರ್ಡಿನ ಮೇಲೆ ಹಬ್ ಬರೆದು ನಾಲ್ಕು ಗೆರೆ ಎಳೆದೆ. ನಾಲ್ಕರ ತುದಿಯಲ್ಲೂ ನಮ್ಮ ಮನೆಯವರೇ ಕಂಡರು. ಥೂ ನನ್ನ ಜನ್ಮಕ್ಕೆ, ಎಂಟು ವರ್ಷ ಬೇಕಾಯಿತೇ ಎಂದುಕೊಂಡೆ. ಪಾಠ ಮುಗಿದ ಕೂಡಲೇ ಸ್ಟಾಫ್ ರೂಮಿನಲ್ಲಿ ಕೂತು ಒಬ್ಬೊಬ್ಬರಿಗೇ ಬೇರೆ ಬೇರೆ ಫೋನ್ ಮಾಡಿದೆ.

"ನಂಗೂ ಹಿಡಿಸ್ಲಿಲ್ಲ ಕಣೇ ಸ್ಪಂದನ," ಎಂದರು ದೊಡ್ಡಮ್ಮ. "ಹೇಳೋಣ ಅಂತ ಬಾಯಿ ತೆಗ್ದೆ, ಮೇಧಾನೂ ತೆಗೆದ್ಲು. ಅವಳಿಗೆ ಇಷ್ಟ ಆಗಿರ್ಬೇಕು ಅಂತ ಸುಮ್ನಾದೆ."

ಚಿಕ್ಕಮ್ಮನೂ ಸುಮ್ಮನಾಗಿದ್ದರು, ದೊಡ್ಡಮ್ಮನಿಗೆ ಇಷ್ಟವೆಂದುಕೊಂಡು. ಕೊನೆಗೆ ಅಜ್ಜಿ.

"ಅವನ್ಯಾಕವ್ವ ನಿಂಗೆ? ಬರೀ ಕಾರು ಕಾರು ಅಂತಿದ್ದ. ನೀವೆಲ್ಲ ಒಪ್ಪಿದೀರಲ್ಲ ಅಂತ ನಾನು ಬಾಯಿ ಮುಚ್ಕೊಂಡಿದ್ದೆ."

ಹಾಗಾದರೆ ಒಪ್ಪಿದವರು ಯಾರು? ಒಬ್ಬರೂ ಇಲ್ಲ. ಯಾರಿಗೂ ಬೇಡದ ಗಂಡನ್ನು ಬರೀ ಮರ್ಯಾದೆಗೆ ನನ್ನ ಕೊರಳಿಗೆ ಕಟ್ಟುವವರಿದ್ದರು. ನಗುವೂ ಬಂತು, ಸಿಟ್ಟೂ ಬಂತು.

ಭಾನುವಾರ ಅಜ್ಜಿ, "ಆ ಸಂಪತ್ ವಿಷ್ಯ ಏನ್ ಮಾಡೋಣ?" ಎಂದರು. ನಾಲ್ಕು ಬಾಯಿಂದ ಒಟ್ಟಿಗೆ "ಬೇಡ" ಬಂತು. ಪಾಠದ ಪ್ರಕಾರ ಕೆಡಬೇಕಿತ್ತು, ಚೆನ್ನಾಗಿಯೇ ಕೇಳಿಸಿತು.

"ಸರಿ, ಅವರಿಗೆ ಫೋನ್ ಮಾಡಿ ಹೇಳೋರ್ಯಾರು?"

ಆ ಕಾಲ್ ಶುರುವಾದಂದಿನಿಂದ ಮೊದಲ ಸಲ ಯಾರೂ ಬಾಯಿ ತೆರೆಯಲಿಲ್ಲ. ದೊಡ್ಡಮ್ಮ ಕನ್ನಡಕ ಒರೆಸಿದರು. ಚಿಕ್ಕಮ್ಮನ ವಿಡಿಯೊ ಆಫ್ ಆಯಿತು. ಅಮ್ಮ ಸಾರಿಗೆ ಒಗ್ಗರಣೆ ಹಾಕಲು ಎದ್ದರು. ದಾರಿ ಪೂರ್ತಿ ಖಾಲಿಯಾಗಿತ್ತು.

"ನಾನೇ ಹೇಳ್ತೀನಿ ಅಜ್ಜಿ," ಎಂದೆ. ಮಧ್ಯೆ ಯಾರೂ ಬರಲಿಲ್ಲ.