ನಾಲಿಗೆಯ ಚೂರು ಹೊತ್ತ ಗಾಜು

ನಾನು ಒಂದು ಗಾಜಿನ ಪಟ್ಟಿ. ಬೆರಳುದ್ದ ಇದ್ದೇನೆ. ದೂರದ ಕಾರ್ಖಾನೆಯೊಂದರಲ್ಲಿ ನನ್ನ ಎದೆಯ ಮೇಲೆ ಸಾವಿರಾರು ಚುಕ್ಕೆ ಅಚ್ಚೊತ್ತಿದರು. ಒಂದೊಂದು ಚುಕ್ಕೆಗೂ ಒಂದೊಂದು ವಿಳಾಸ. ಮೂಲೆಗಳಿಗೆ ಬೇರೆ ಬೇರೆ ಗುರುತು. ಹಾಗೆ ಸಿಂಗರಿಸಿಕೊಂಡು ಧಾರವಾಡದ ಒಂದು ಕ್ಯಾನ್ಸರ್ ಪ್ರಯೋಗಾಲಯಕ್ಕೆ ಬಂದೆ. ಸಿಕ್ಕಿದ್ದು ಜಗಳದ ಮನೆ.

ನನ್ನನ್ನು ಮೊದಲು ಕೈಗೆತ್ತಿಕೊಂಡವರು ಶಾಂತವ್ವ ಕಟ್ಟೀಮನಿ. ಹದಿನೆಂಟು ವರ್ಷದಿಂದ ಅಲ್ಲಿ ಮಾಂಸದ ಚೂರು ಕೊಯ್ಯುವ ಕೆಲಸ, ಅದೂ ಗುತ್ತಿಗೆಯ ಮೇಲೆ. ಲಾರಿ ಡ್ರೈವರೊಬ್ಬನ ನಾಲಿಗೆಯಿಂದ ತೆಗೆದ ಗಡ್ಡೆಯನ್ನು ಮಂಜುಗಟ್ಟಿಸಿ, ಕೂದಲೆಳೆಗಿಂತ ತೆಳ್ಳಗೆ ಕೊಯ್ದು ನನ್ನ ಮೇಲೆ ಹಾಸಿದರು. ಎಡಕ್ಕೆ ಗಡ್ಡೆ, ಬಲಕ್ಕೆ ಒಳ್ಳೆಯ ಮಾಂಸ. ಫೋಟೊ ತೆಗೆದ ಮೇಲೆ ಚೂರನ್ನು ತೊಳೆದು ತೆಗೆದರು. ಅದರ ಜೀವಕೋಶಗಳಲ್ಲಿ ಯಾವ ಜೀನ್ ಎಲ್ಲಿ ಎಷ್ಟು ಕೆಲಸ ಮಾಡುತ್ತಿತ್ತು ಎಂಬ ಸುದ್ದಿ ಮಾತ್ರ ನನ್ನ ಚುಕ್ಕೆಗಳಲ್ಲಿ ಉಳಿಯಿತು.

ಆ ಸುದ್ದಿಯನ್ನು ಫೋಟೊದ ಮೇಲೆ ಕೂರಿಸಿ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದು ಸಂಶೋಧನಾ ವಿದ್ಯಾರ್ಥಿನಿ ತಬಸ್ಸುಮ್ ಮುಲ್ಲಾಳ ಕೆಲಸ. ನಕ್ಷೆ ಬಂತು. ಗಡ್ಡೆ ಬೆಳೆಸುವುದು ಒಂದು ಜೀನ್ ಎಂದು ಮುಖ್ಯಸ್ಥ ಡಾ. ದೇಸೂರ ಹತ್ತು ವರ್ಷದಿಂದ ವಾದಿಸುತ್ತಿದ್ದರು. ಜೀನ್ ಹೆಚ್ಚು ಕೆಲಸ ಮಾಡುವ ಕಡೆ ನಕ್ಷೆ ಕೆಂಪಾಗುತ್ತದೆ. ಆ ಜೀನ್ ಗಡ್ಡೆಯಲ್ಲಿ ತಣ್ಣಗಿತ್ತು. ಒಳ್ಳೆಯ ಮಾಂಸದಲ್ಲಿ ಕೆಂಪಗೆ ಉರಿಯುತ್ತಿತ್ತು.

ದೇಸೂರರು ಮೇಜು ಗುದ್ದಿದರು. ನಾನು ಡಬ್ಬಿಯಲ್ಲೇ ಅದುರಿದೆ.

"ಶಾಂತವ್ವ, ಚೂರು ಕರಗಾಕ ಬಿಟ್ಟೀರಿ. ಎಲ್ಲಾ ಹರದು ಕಲಸಿ ಹೋಗೇದ."

"ಇಲ್ಲರೀ ಸರ. ಇಷ್ಟು ವರ್ಷದಾಗ ಒಂದ ಚೂರೂ ಕರಗಿಸಿಲ್ಲ ನಾ."

"ವಯಸ್ಸಾತು ನಿಮಗ. ಮುಂದಿನ ತಿಂಗಳದಿಂದ ಬರೂದು ಬ್ಯಾಡ."

ತಬಸ್ಸುಮ್ ಅಲ್ಲೇ ನಿಂತಿದ್ದಳು. ಬಾಯಿ ಬಿಡಲಿಲ್ಲ. ಅವಳ ಪಿಎಚ್‌ಡಿಗೆ ಸಹಿ ಹಾಕಬೇಕಾದವರು ದೇಸೂರರೇ. ನನಗೆ ಅವರಿಗಿಂತ ಅವಳ ಮೇಲೆಯೇ ಹೆಚ್ಚು ಸಿಟ್ಟು ಬಂತು.

ಹತ್ತು ದಿನ ಶಾಂತವ್ವನ ಜೊತೆ ಯಾರೂ ಚಹಾ ಕುಡಿಯಲಿಲ್ಲ. ತಬಸ್ಸುಮ್‌ಗೆ ಒಂದು ಮಾತು ಕೊರೆಯುತ್ತಿತ್ತು: ಚೂರು ಕರಗಿದ್ದರೆ ಜೀನ್ ಸುದ್ದಿ ಎಲ್ಲೆಡೆ ಚದುರಬೇಕಿತ್ತು, ಇದು ಒಂದೇ ಕಡೆ ಅಚ್ಚುಕಟ್ಟಾಗಿ ಕೂತಿದೆಯಲ್ಲ? ಹನ್ನೊಂದನೆಯ ದಿನ ನನ್ನನ್ನು ತೆಗೆದು ಪರದೆಯ ಪಕ್ಕ ಹಿಡಿದಳು. ನನ್ನ ತ್ರಿಕೋನದ ಗುರುತು ಎಡಮೂಲೆಯಲ್ಲಿ. ಪರದೆಯ ಫೋಟೊದಲ್ಲಿ ಬಲಮೂಲೆಯಲ್ಲಿ. ಕನ್ನಡಿಯಲ್ಲಿ ಕಂಡ ಹಾಗೆ ಫೋಟೊ ಎಡಬಲ ತಿರುಗಿತ್ತು. ತಿರುಗಿಸಿ ಕೂರಿಸಿದವಳು ಅವಳೇ.

ಸರಿ ಮಾಡಿದಳು. ಕೆಂಪೆಲ್ಲ ಗಡ್ಡೆಯೊಳಗೆ ಹೋಗಿ ಕೂತಿತು. ದೇಸೂರರ ವಾದವೇ ನಿಜವಾಗಿತ್ತು. ಅದು ನನಗೆ ಈಗಲೂ ಹೊಟ್ಟೆಯುರಿ.

ಎಲ್ಲರ ಎದುರು ಅವಳು ಹೇಳಿದಳು: "ತಪ್ಪು ನಂದು ಸರ. ಶಾಂತವ್ವಾರನ್ನ ಕರದು ತಪ್ಪಾತು ಅಂತ ಒಂದು ಮಾತು ಹೇಳ್ರಿ."

"ನಾ ಹೇಳಿದ್ದ ಖರೇ ಆತಲ್ಲ?" ದೇಸೂರರು ನಕ್ಕರು. "ಬಿಡು ಅದನ್ನ. ಕೆಲಸಕ್ಕ ಬರ್ಲಿ ಅಷ್ಟ."

ಆಮೇಲೆ ತಬಸ್ಸುಮ್ ಶಾಂತವ್ವನ ಕೋಣೆಗೆ ಹೋದಳು. "ತಪ್ಪಾತ್ರಿ ಅಕ್ಕಾರ."

ಶಾಂತವ್ವ ತಲೆ ಎತ್ತಲಿಲ್ಲ. "ಫೋಟೊ ತಿರುಗಿದ್ದು ತಪ್ಪವ್ವ. ನನ್ನ ಬೈಯೂ ಮುಂದ ನೀ ಸುಮ್ಮನ ನಿಂತಿದ್ದಿ. ಅದು ತಪ್ಪಲ್ಲ, ಬ್ಯಾರೆ ಏನೋ. ಹೋಗಿನ್ನ."

ಕೆಲಸ ಮುಗಿದ ನನ್ನನ್ನು ಒಡಕು ಗಾಜಿನ ಬುಟ್ಟಿಗೆ ಹಾಕಲು ಹೇಳಿದ್ದರು. ಶಾಂತವ್ವ ಹಾಕಲಿಲ್ಲ. ನನ್ನ ಒರಟು ಅಂಚಿನ ಮೇಲೆ ಪೆನ್ಸಿಲಿನಿಂದ ತಾರೀಖು ಬರೆದು, ತಮ್ಮ ಪೂರ್ತಿ ಹೆಸರು ಬರೆದು, ಕಪಾಟಿನ ಮೂಲೆಗೆ ಸೇರಿಸಿದರು. ಆ ನಕ್ಷೆ ದೊಡ್ಡ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತಂತೆ. ಅದರಡಿ ದೇಸೂರರ ಹೆಸರಿದೆ, ತಬಸ್ಸುಮ್ ಹೆಸರೂ ಇದೆ. ಶಾಂತವ್ವನ ಹೆಸರಿಲ್ಲ. ಒರಟು ಗಾಜಿನ ಮೇಲಿನ ಪೆನ್ಸಿಲ್ ಗೀಟು ತೊಳೆದರೂ ಹೋಗುವುದಿಲ್ಲ. ನನ್ನ ಸಿಟ್ಟೂ ಹಾಗೆಯೇ.