ಮಂಗಳವಾರದ ಬಸಕ್ಕ

ಶನಿವಾರ ಹನ್ನೊಂದು ಗಂಟೆಗೆ ಕಂಪನಿಯ ಮ್ಯಾನೇಜರ್ ಪ್ರಿಯಂವದಾ ಮೇಡಂ ಎರಡನೇ ಬೇಸ್‌ಮೆಂಟಿಗೆ ಇಳಿದು ಬಂದು ಒಂದು ಬಿಳಿ ಡಬ್ಬಿಯನ್ನು ಮೇಜಿನ ಮೇಲಿಟ್ಟಾಗ, ಈಶಪ್ಪ ಅದನ್ನು ದೀಪಾವಳಿ ಸ್ವೀಟು ಎಂದೇ ತಿಳಿದು ಎರಡೂ ಕೈ ಮುಂದೆ ಮಾಡಿದ. ದೀಪಾವಳಿಗೆ ಇನ್ನೂ ಮೂರು ವಾರವಿತ್ತು. ಆದರೆ ಮೇಡಂ ಖುದ್ದಾಗಿ ಅಲ್ಲಿಗೆ ಇಳಿದು ಬರುವುದಕ್ಕೆ ಸ್ವೀಟು ಬಿಟ್ಟರೆ ಬೇರೆ ಕಾರಣ ಅವನಿಗೆ ಹೊಳೆಯಲಿಲ್ಲ.

“ಟ್ಯಾಬ್ಲೆಟ್ಟು,” ಎಂದರು ಮೇಡಂ. “ಗೋಡೆಗೆ ಹಾಕ್ಸಿ. ಸೋಮವಾರದಿಂದ ರಿಜಿಸ್ಟರ್ ಬಂದ್. ಎಲ್ರೂ ಇದ್ರಲ್ಲೇ ಇನ್, ಇದ್ರಲ್ಲೇ ಔಟ್. ಶ್ರೀಕಾಂತ್ ಫೋನಲ್ಲಿ ಹೇಳ್ಕೊಡ್ತಾರೆ, ನೀವು ಹಾಗೇ ಮಾಡ್ತಾ ಹೋಗಿ.”

“ಪುಸ್ತಕ ಯಾಕ ಬ್ಯಾಡ್ರಿ ಮೇಡಂ? ಅಕ್ಷರ ಚಲೋ ಅದಾವಲ್ರಿ.”

“ಚೆನ್ನಾಗೇ ಇದೆ ಈಶಪ್ಪ. ಅದೇ ತೊಂದ್ರೆ. ನಲವತ್ತೊಂದು ಜನರ ಸಹಿ, ಅದ್ರಲ್ಲಿ ಮೂವತ್ತು ನಿಮ್ಮ ಅಕ್ಷರದಲ್ಲೇ ಇದೆ.”

ಮೇಡಂ ಲಿಫ್ಟಿನತ್ತ ಹೋದರು. ಈಶಪ್ಪ ಕೂತ, ಎದ್ದ, ನೀರು ಕುಡಿದ, ಮತ್ತೆ ಕೂತ.

ಅವನು ಯಲಬುರ್ಗಾ ಕಡೆಯವನು. ವೈಟ್‌ಫೀಲ್ಡಿನ ಆ ಐಟಿ ಕಟ್ಟಡವನ್ನು ಗುಡಿಸಿ ಒರೆಸುವ ಗುತ್ತಿಗೆ ಕಂಪನಿಯಲ್ಲಿ ಏಳು ವರ್ಷದಿಂದ ಸೂಪರ್‌ವೈಸರ್. ಅವನ ಕೈಕೆಳಗಿನ ನಲವತ್ತೊಂದು ಜನರಲ್ಲಿ ಮುಕ್ಕಾಲು ಪಾಲು ಅವನ ಸೀಮೆಯವರೇ, ಹೆಚ್ಚಿನವರು ಅವನೇ ಕರೆತಂದವರು. ಹೀಗೆ ಕರೆತಂದವನಿಗೆ ಅವರ ಮನೆಯ ಬಿಸಿಯೂ ತಟ್ಟುತ್ತದೆ, ಹೊಗೆಯೂ ತಟ್ಟುತ್ತದೆ. ಎರಡನೇ ಮಹಡಿಯ ಹೆಂಗಸರ ಕಕ್ಕಸು ನೋಡಿಕೊಳ್ಳುವ ಬಸಕ್ಕನ ವಿಷಯದಲ್ಲಿ ತಟ್ಟಿದ್ದು ಸ್ವಲ್ಪ ಜಾಸ್ತಿಯೇ.

ಹಾಜರಿ ಪುಸ್ತಕದಲ್ಲಿ ಬಸಕ್ಕ ಒಬ್ಬಳು. ಕೆಲಸಕ್ಕೆ ಬರುತ್ತಿದ್ದವರು ಇಬ್ಬರು. ಸೋಮವಾರ, ಬುಧವಾರ, ಶುಕ್ರವಾರ ನಿಜವಾದ ಬಸಕ್ಕ. ಮಂಗಳವಾರ, ಗುರುವಾರ, ಶನಿವಾರ ಅವಳ ನೆಗೆಣ್ಣಿ ಲಕ್ಷ್ಮವ್ವ, ಅಂದರೆ ಗಂಡನ ತಮ್ಮನ ಹೆಂಡತಿ. ಇಬ್ಬರೂ ಪಟ್ಟಂದೂರು ಅಗ್ರಹಾರದಲ್ಲಿ ಒಂದೇ ಬಾಡಿಗೆ ರೂಮಿನಲ್ಲಿದ್ದರು. ಅವರ ಅತ್ತೆ ರಾಮಕ್ಕನಿಗೆ ಲಕ್ವ ಹೊಡೆದು ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತಿತ್ತು. ಗಂಡಸರು ಕೂಲಿಗೆ ಹೋದ ಮೇಲೆ ಒಬ್ಬಳು ಮನೆಯಲ್ಲಿರಲೇಬೇಕು. ಆರೂ ದಿನ ಅತ್ತೆಯ ಮುಂದೆ ಕೂತರೆ ತಲೆ ಕೆಡುತ್ತದೆ, ಆರೂ ದಿನ ನೆಲ ತಿಕ್ಕಿದರೆ ಬೆನ್ನು ಹೋಗುತ್ತದೆ. ಹಾಗಾಗಿ ಎರಡನ್ನೂ ಹಂಚಿಕೊಂಡರು. ನಾಲ್ಕು ವರ್ಷವಾಗಿತ್ತು. ಯಾರಿಗೂ ಗೊತ್ತಾಗಿರಲಿಲ್ಲ. ಅದೇ ಟೋಪಿ, ಅದೇ ನೀಲಿ ಅಂಗಿ. ಕಕ್ಕಸು ತೊಳೆಯುವವಳ ಮುಖ ನೋಡುವ ಅಭ್ಯಾಸ ಆ ಕಟ್ಟಡದಲ್ಲಿ ಯಾರಿಗೂ ಇರಲಿಲ್ಲ.

ಈಶಪ್ಪ ಮಾತ್ರ ದಿನಾ ಬೆಳಿಗ್ಗೆ ಆರಕ್ಕೆ ‘ಬಸಕ್ಕ’ ಎಂದು ಬರೆದುಕೊಳ್ಳುತ್ತಿದ್ದ. ಅದು ಸುಳ್ಳೆಂದು ಅವನಿಗೆ ಅನಿಸುತ್ತಿರಲಿಲ್ಲ. ಇಬ್ಬರಲ್ಲಿ ಒಬ್ಬಳಂತೂ ಬಂದಿರುತ್ತಿದ್ದಳಲ್ಲ.

ಗೋಡೆಗೆ ಡ್ರಿಲ್ ಹಾಕಿ, ಟ್ಯಾಬ್ಲೆಟ್ಟಿನ ಕಬ್ಬಿಣದ ಚೌಕಟ್ಟು ಕೂರಿಸಿ, ಚಾರ್ಜರಿನ ವೈರು ಎಳೆದು, ಶ್ರೀಕಾಂತನಿಗೆ ಫೋನು ಹಚ್ಚಿದ. ಶ್ರೀಕಾಂತ್ ಕಂಪನಿಯ ಕಂಪ್ಯೂಟರು ನೋಡಿಕೊಳ್ಳುವವನು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೂತಿದ್ದ.

“ವೈಫೈ ಬಂತಾ? ಸರಿ. ಈಗ ಸೆಟ್ಟಿಂಗ್ಸಲ್ಲಿ ಸ್ಕ್ರೀನ್ ಆಫ್ ಆಗೋದು ಅಂತಿದೆ ನೋಡಿ, ಅದನ್ನ ನೆವರ್ ಮಾಡಿ.”

“ಮಾಡಿದ್ನಿರಿ.”

“ಈಗ ನಮ್ಮ ಆ್ಯಪ್ ಓಪನ್ ಮಾಡಿ ಲಾಕ್ ಒತ್ತಿ. ಇನ್ಮೇಲೆ ಅದು ಆ ಆ್ಯಪ್ ಬಿಟ್ಟು ಬೇರೆ ಏನೂ ತೋರ್ಸಲ್ಲ. ಯಾರೂ ಅದ್ರಲ್ಲಿ ಸಿನಿಮಾ ನೋಡಕ್ಕಾಗಲ್ಲ, ನೀವೂ ಸೇರಿ.”

ಅಷ್ಟರಲ್ಲಿ ಫಿನೈಲ್ ತುಂಬಿಸಿಕೊಳ್ಳಲು ಲಕ್ಷ್ಮವ್ವ ಬಕೆಟ್ ಹಿಡಿದು ಬಂದಳು. ಶನಿವಾರ ಅವಳ ದಿನ. ಗೋಡೆಯ ಮೇಲೆ ಹೊಳೆಯುತ್ತಿದ್ದುದನ್ನು ನೋಡಿ ನಿಂತಳು.

“ಏನ್ರಿ ಅಣ್ಣಾರ, ಟಿವಿ ತರಿಸೀರೇನು? ಇಷ್ಟು ಸಣ್ದು?”

“ನಿನ್ ಕೆಲಸ ನೋಡವಾ.”

“ನೋಡಾಕತ್ತೀನಲ್ಲ. ಯಾಕ ಬೆವತೀರಿ?”

ಅವಳು ಹೋದ ಮೇಲೆ ಈಶಪ್ಪ ಹಣೆ ಒರೆಸಿಕೊಂಡ. “ಸಾರ್,” ಎಂದು ಫೋನಿಗೆ ಬಾಯಿ ಹತ್ತಿರ ತಂದ, “ಮಂದಿ ಬಂದಾರಂತ ಇದಕ್ಕ ಹ್ಯಾಂಗ ತಿಳೀತೈತಿ?”

“ಪಿನ್ನು. ನಾಲ್ಕು ನಂಬರ್. ಹುಟ್ಟಿದ ತಾರೀಕು, ತಿಂಗಳು. ಯಾರೂ ಮರೆಯಲ್ಲ ಅಂತ ಹಾಗೆ ಇಟ್ಟಿದೀವಿ.”

ಈಶಪ್ಪನ ಎದೆಯ ಮೇಲಿದ್ದ ಕಲ್ಲು ಕೆಳಗಿಳಿಯಿತು. ನಂಬರಿಗೆ ಮುಖವಿಲ್ಲ. ಒಂದು ನಂಬರನ್ನು ಇಬ್ಬರು ನೆನಪಿಟ್ಟುಕೊಳ್ಳಬಹುದು. ಅವನು ಅಂದು ಮೊದಲ ಸಲ ಟೀ ತರಿಸಿದ. ಅರ್ಧ ಕುಡಿಯುವುದರೊಳಗೆ ಶ್ರೀಕಾಂತನೇ ಫೋನು ಮಾಡಿದ.

“ಏನ್ ಗುರು, ನಿಮ್ಮ ಕಡೆ ಜೂನ್ ಒಂದು ಬಿಟ್ರೆ ಬೇರೆ ದಿನ ಹೆರಿಗೆನೇ ಆಗಲ್ವಾ?”

“ಯಾಕ್ರಿ?”

“ಲಿಸ್ಟ್ ಹಾಕಿದ್ರೆ ಮೂವತ್ತಮೂರು ಜನಾನ ಒಳಗೇ ಬಿಟ್ಕೊಳ್ತಿಲ್ಲ. ಎಲ್ರದ್ದೂ ಸೊನ್ನೆ ಒಂದು ಸೊನ್ನೆ ಆರು. ಈ ಪಿನ್ ಆಗ್ಲೇ ಬಳಕೆಲಿದೆ ಅಂತಿದೆ. ನಿಮ್ದೂ ಅದೇ.”

ಈಶಪ್ಪನಿಗೆ ಟೀ ಕಹಿಯಾಯಿತು. ಅವನು ಒಂದನೇ ಇಯತ್ತೆಗೆ ಸೇರಿದಾಗ ಮಾಸ್ತರರು ಅವನ ಎತ್ತರ ನೋಡಿ ವರ್ಷ ಬರೆದುಕೊಂಡು, ಶಾಲೆ ಸುರುವಾಗುವ ಜೂನ್ ಒಂದನ್ನೇ ಅವನು ಹುಟ್ಟಿದ ದಿನ ಮಾಡಿದ್ದರು. ಮಾಸ್ತರರಿಗೆ ಅನುಕೂಲವಾದದ್ದು ತನಗೂ ಅನುಕೂಲವೇ ಎಂದು, ಕೆಲಸಕ್ಕೆ ಸೇರಿಸುವಾಗ ಫಾರಂ ತುಂಬುವ ಈಶಪ್ಪನೂ ಅದನ್ನೇ ಮುಂದುವರಿಸಿದ್ದ. “ಯಾವಾಗ ಹುಟ್ಟೀಯವಾ?” ಎಂದರೆ “ನಮ್ಮ ಎಮ್ಮಿ ಸತ್ತ ವರ್ಷ” ಎನ್ನುವವರಿಗೆ ಅವನು ಇನ್ನೇನು ಬರೆಯಬೇಕಿತ್ತು? ಏಳು ವರ್ಷದಲ್ಲಿ ಮೂವತ್ತೆರಡು ಜನರನ್ನು ಒಂದೇ ದಿನ ಹೆರಿಸಿದ್ದ.

“ಬ್ಯಾರೆ ನಂಬರ್ ಕೊಟ್ಟುಬಿಡ್ರಿ ಸಾರ್,” ಎಂದ.

“ಮೂವತ್ತಮೂರು ಹೊಸ ನಂಬರ್, ಸೋಮವಾರ ಬೆಳಿಗ್ಗೆ ಎಲ್ರೂ ಮರ್ತು ನಿಂತ್ಕೊಂಡ್ರೆ ಮೇಡಂ ನನ್ನ ಬಯ್ತಾರೆ. ಬೇಡ ಬಿಡಿ. ಪಿನ್ನೇ ಬೇಡ. ಹೆಸರು ಒತ್ತಿದ್ರೆ ಕ್ಯಾಮೆರಾ ಫೋಟೋ ತೆಗೆಯುತ್ತೆ, ಮೊದಲ ದಿನದ ಫೋಟೋ ಪಕ್ಕದಲ್ಲಿ ಇಡುತ್ತೆ. ಮೇಡಂ ಆಫೀಸಲ್ಲಿ ಕೂತು ಎರಡನ್ನೂ ನೋಡ್ತಾರೆ. ಇಲ್ಲಿಂದಲೇ ಆನ್ ಮಾಡಿದೆ. ಆಯ್ತು.”

ಎಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಒಬ್ಬ ಬೆರಳಾಡಿಸಿದ. ಗೋಡೆಯ ಮೇಲೆ ಮೊಟ್ಟೆಯಾಕಾರದ ಒಂದು ಗೆರೆ ಮೂಡಿತು. ಅದರೊಳಗೆ ಈಶಪ್ಪನ ಮುಖ, ಬಾಯಿ ತೆರೆದುಕೊಂಡು. ಚೌಕಟ್ಟನ್ನು ಒಂದಡಿ ಮೇಲೆ ಹೊಡೆದಿದ್ದರೆ ಬರೀ ಟೋಪಿ ಬರುತ್ತಿತ್ತೇನೋ ಎಂದುಕೊಂಡ. ತೂತು ಆಗಲೇ ಕೊರೆದಾಗಿತ್ತು.

ಐದು ಗಂಟೆಗೆ ಅವನು ಪಟ್ಟಂದೂರು ಅಗ್ರಹಾರದ ಆ ರೂಮಿನ ಬಾಗಿಲಲ್ಲಿ ನಿಂತಿದ್ದ. ದಾರಿಯಲ್ಲಿ ಎರಡು ಸಲ ಹಿಂದಕ್ಕೆ ತಿರುಗಿದ್ದ. ಬಸಕ್ಕ ರೊಟ್ಟಿ ಬಡಿಯುತ್ತಿದ್ದಳು. ಲಕ್ಷ್ಮವ್ವ ಅತ್ತೆಯ ಮಗ್ಗುಲು ತಿರುಗಿಸಿ ಬೆನ್ನಿಗೆ ಪೌಡರ್ ಹಚ್ಚುತ್ತಿದ್ದಳು. ಅವನು ಕೂರಲಿಲ್ಲ, ನಿಂತೇ ಎಲ್ಲ ಹೇಳಿದ.

“ಒಂದ ಹೆಸರಿಗೆ ಒಂದ ಮಾರಿ,” ಎಂದು ಮುಗಿಸಿದ. “ನಿಮ್ಮೊಳಗ ಯಾರಂತ ನೀವ ಹೇಳ್ರಿ.”

ರೊಟ್ಟಿಯ ಸದ್ದು ನಿಂತಿತು.

“ಆಕಿ ಹೋಗ್ಲಿ,” ಎಂದಳು ಬಸಕ್ಕ. “ಸಣ್ಣಾಕಿ. ಕೈಕಾಲು ಗಟ್ಟಿ ಅದಾವು.”

“ಛೇ, ಅಕ್ಕನ ಹೋಗ್ಲಿ. ಹೆಸರು ಆಕೀದು.”

“ನನಗೇನು ಮನಿ ಬ್ಯಾಸರಿಲ್ಲ.”

“ನನಗರ ಎಲ್ಲಿ ಬ್ಯಾಸರೈತಿ?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಗೋಡೆಯತ್ತ ಮುಖ ಮಾಡಿ ಮಲಗಿದ್ದ ರಾಮಕ್ಕನ ಬಾಯಿಗೆ ಮಾತ್ರ ಲಕ್ವ ಹೊಡೆದಿರಲಿಲ್ಲ.

“ಕೇಳಿದ್ಯೇನಪಾ ಈಶಪ್ಪ,” ಎಂದಳು ಗೋಡೆಗೇ. “ಸೊಸ್ತೇರು ಅತ್ತಿ ಸೇವಾ ನಾ ಮಾಡ್ತೀನಿ ನಾ ಮಾಡ್ತೀನಿ ಅಂತ ಜಗಳಾಡಾಕತ್ತಾರ. ಕಕ್ಕಸು ತೊಳ್ಯಾದು ನನಗಿಂತ ಚಲೋ ಅಂತ ಇಬ್ರಿಗೂ ಗೊತ್ತೈತಿ. ಹೇಳಾಕ ನಾಚಿಕಿ.”

“ಅತ್ತೀ, ಸುಮ್ನ ಮಕ್ಕೊ,” ಎಂದಳು ಲಕ್ಷ್ಮವ್ವ. ಪೌಡರ್ ಡಬ್ಬಿಯನ್ನು ಜೋರಾಗಿ ಮುಚ್ಚಿದಳು. “ಅಣ್ಣಾರ, ಮೂರು ದಿನ ನಾ ಬಸ್ ಸ್ಟಾಪಿನ ತನಕ ನಡಕೋತ ಹೋಗ್ತೀನಿ. ನಾಕ ಮಂದಿ ಜೋಡಿ ಬುತ್ತಿ ಬಿಚ್ಚತೀನಿ. ಅದೂ ಹೋತಂದ್ರ ನನಗ ಈ ಗೋಡಿ, ಈ ಮುದುಕಿ. ಅಷ್ಟ ಅಲ್ಲೇನು?”

ಕಡೆಗೆ ಬಸಕ್ಕನೇ, ಹಿಟ್ಟಿನ ಕೈ ಒರೆಸಿಕೊಳ್ಳುತ್ತ, “ನನ್ ಹೆಸರು ಐತಿ. ನಾನ ಬರ್ತೀನಿ,” ಎಂದಳು. ಲಕ್ಷ್ಮವ್ವ ಎದ್ದು ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಂತಳು. ನೀರು ಬರುತ್ತಿರಲಿಲ್ಲ.

ಭಾನುವಾರವನ್ನು ಈಶಪ್ಪ ಹೇಗೋ ನೂಕಿದ. ಚಪ್ಪಲಿ ಹೊಲಿಸಿದ, ಕಟಿಂಗ್ ಮಾಡಿಸಿಕೊಂಡ, ಹಿಂದಿನ ವಾರವಷ್ಟೇ ಕತ್ತರಿಸಿದ್ದ ಉಗುರನ್ನು ಮತ್ತೆ ಕತ್ತರಿಸಿದ.

ಸೋಮವಾರ ಬೆಳಿಗ್ಗೆ ಆರಕ್ಕೆ ಐದು ನಿಮಿಷ ಇರುವಾಗ ಸಾಲು ಟ್ಯಾಬ್ಲೆಟ್ಟಿನಿಂದ ಜನರೇಟರ್ ರೂಮಿನವರೆಗೆ ಬೆಳೆದಿತ್ತು. ಮೊದಲ ದಿನವೆಂದು ಮೇಡಂ ತಾವೇ ಬಂದು ಪಕ್ಕದಲ್ಲಿ ನಿಂತಿದ್ದರು. ಕೆಲವರು ಮುಖಕ್ಕೆ ಪೌಡರ್ ಹಾಕಿಕೊಂಡು ಬಂದಿದ್ದರು. ಕಸದ ಗಾಡಿಯ ನೀಲಪ್ಪ ಫೋಟೋಕ್ಕೆಂದು ಉಸಿರು ಬಿಗಿಹಿಡಿದು, ಗೆರೆ ಹಸಿರಾದ ಮೇಲೂ ಬಿಡಲಿಲ್ಲ. ಹಿಂದಿನವರು ಬೆನ್ನಿಗೆ ಗುದ್ದಬೇಕಾಯಿತು.

ಈಶಪ್ಪ ಸಾಲನ್ನು ಎಣಿಸಿದ. ನಲವತ್ತೊಂದು ಇರಬೇಕಾದಲ್ಲಿ ನಲವತ್ತೆರಡು ಟೋಪಿಗಳಿದ್ದವು. ಮತ್ತೆ ಎಣಿಸುವ ಅಗತ್ಯ ಬೀಳಲಿಲ್ಲ. ಬಸಕ್ಕನ ಹಿಂದೆ, ಕಂಪನಿ ಕೊಟ್ಟ ಎರಡನೇ ಜೊತೆ ಅಂಗಿಯಲ್ಲಿ, ಲಕ್ಷ್ಮವ್ವ ನಿಂತಿದ್ದಳು.

“ನೀ ಯಾಕ ಬಂದಿ?” ಎಂದ, ಹಲ್ಲು ಕಚ್ಚಿ.

“ಮಗ ಏಳರ ತನಕ ಅವ್ವನ ಹತ್ರ ಕೂರ್ತೀನಂದಾನ,” ಎಂದಳು, ಅವನು ಕೇಳಿದ್ದು ಅದನ್ನೇ ಎಂಬಂತೆ. ಮಗನೆಂದರೆ ರಾಮಕ್ಕನ ಮಗ, ಇವಳ ಗಂಡ.

ಬಸಕ್ಕ ಹೆಸರು ಒತ್ತಿದಳು, ಮುಖ ಕೊಟ್ಟಳು, ಹಸಿರಾಯಿತು. ಲಕ್ಷ್ಮವ್ವ ಮುಂದೆ ಬಂದು ನಿಂತಳು. ಪಟ್ಟಿಯ ಮೇಲೆ ಬೆರಳಾಡಿಸುತ್ತ, ಅಲ್ಲಿಲ್ಲದ ಹೆಸರನ್ನು ಹುಡುಕತೊಡಗಿದಳು.

“ನಿಮ್ಮ ಹೆಸರೇನಮ್ಮ?” ಎಂದರು ಮೇಡಂ.

“ನಾನೂ ಬಸಕ್ಕನರಿ. ಮಂಗಳಾರ, ಗುರುವಾರ, ಶನಿವಾರ.”

ಸಾಲಿನಲ್ಲಿ ಯಾರೋ ಕೆಮ್ಮಿದರು. ಮೇಡಂ ಅವಳನ್ನು ನೋಡಿದರು, ಆಚೆ ನಿಂತಿದ್ದ ಬಸಕ್ಕನನ್ನು ನೋಡಿದರು, ಕಡೆಗೆ ಈಶಪ್ಪನನ್ನು ನೋಡಿದರು. ಈಶಪ್ಪ ಟ್ಯಾಬ್ಲೆಟ್ಟಿನ ವೈರನ್ನು ಸರಿಪಡಿಸುತ್ತಿದ್ದ. ಅದು ಸರಿಯಾಗಿಯೇ ಇತ್ತು.

“ಎಷ್ಟು ದಿನದಿಂದ?”

“ನಾಕ ವರ್ಷ ಆತ್ರಿ ಮೇಡಂ. ಒಂದ ದಿನಾನೂ ಕೆಲಸ ನಿಂತಿಲ್ರಿ.”

“ನಿಲ್ಲಲ್ಲ ಬಿಡಿ, ಇಬ್ರಿದ್ರೆ. ಇದನ್ನ ಏನಂತಾರೆ ಗೊತ್ತಾ ಈಶಪ್ಪ?”

“ಗೊತ್ತೈತ್ರಿ.”

ಹಿಂದಿನಿಂದ ಯಾರೋ, “ಮೇಡಂ, ಆರಾತ್ರಿ, ಲೇಟ್ ತೋರಿಸ್ತೈತೇನ್ರಿ ಇದು?” ಎಂದು ಕೇಳಿದರು. ಮೇಡಂ ಗಡಿಯಾರ ನೋಡಿಕೊಂಡರು. ಒಂಬತ್ತಕ್ಕೆ ಕಟ್ಟಡದವರಿಗೆ ಹೊಸ ವ್ಯವಸ್ಥೆ ತೋರಿಸಬೇಕಿತ್ತು. ಮೊದಲ ದಿನವೇ ಒಂದು ಹೆಸರಿನ ಎದುರು ಎರಡು ಮುಖ ಇದ್ದವೆಂದು ಹೇಳಿಕೊಳ್ಳುವುದು ಅವರಿಗೂ ಬೇಕಿರಲಿಲ್ಲ.

“ಬಸಕ್ಕ ಅಂದ್ರೆ ಅವ್ರು ಮಾತ್ರ. ಆರೂ ದಿನ ಅವ್ರೇ ಬರ್ಬೇಕು,” ಎಂದರು. “ನಿಮ್ಮ ಸ್ವಂತ ಹೆಸರು ಹೇಳಿ.”

ಅವಳು ಹೇಳಿದಳು. ನಾಲ್ಕು ವರ್ಷದಿಂದ ಆ ಬೇಸ್‌ಮೆಂಟಿನಲ್ಲಿ ಜೋರಾಗಿ ಯಾರೂ ಆಡದ ಹೆಸರು. ಮೇಡಂ ಅದನ್ನು ತಾವೇ ಒತ್ತಿ ಸೇರಿಸಿದರು. “ರಿಲೀವರ್. ಯಾರಾದ್ರೂ ಬರ್ಲಿಲ್ಲ ಅಂದ್ರೆ ಆ ದಿನ ಮಾತ್ರ ಕರೀತಾರೆ. ಕರೆದಾಗ ಬರ್ಬೇಕು. ಕರೀದೆ ಬರ್ಬಾರ್ದು. ಈಶಪ್ಪ, ನೀವು ಹತ್ತು ಗಂಟೆಗೆ ಮೇಲೆ ಬನ್ನಿ. ವಿವರಣೆ ಬರೆದು ಕೊಡೋದಿದೆ.”

ಲಕ್ಷ್ಮವ್ವ ಗೆರೆಯೊಳಗೆ ಮುಖವಿಟ್ಟಳು. ಹಸಿರಾಯಿತು. ಕೆಲಸವಿಲ್ಲದ ಕೆಲಸಗಾರ್ತಿಯಾಗಿ ಅವಳು ಟೋಪಿ ತೆಗೆದು, ಮಡಚಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಾಪ್ ಹಿಡಿದು ಲಿಫ್ಟಿಗೆ ಕಾಯುತ್ತಿದ್ದ ಬಸಕ್ಕ ಅವಳ ಬುತ್ತಿಯ ಗಂಟನ್ನು ನೋಡಿ, “ಅದನ್ನರ ಇಲ್ಲಿ ಕೊಡು,” ಎಂದಳು. ಲಕ್ಷ್ಮವ್ವ ಕೊಡಲಿಲ್ಲ.

“ಅಣ್ಣಾರ,” ಎಂದಳು ಈಶಪ್ಪನಿಗೆ, “ಯಾರು ಬರದಿದ್ರೂ ಫೋನ್ ಮಾಡ್ರಿ. ಜ್ವರ ಬರಲಿ, ಊರಿಗೆ ಹೋಗಲಿ, ಯಾರಾದ್ರೂ ಸರಿ. ಯಾವ ಮಹಡಿ ಕೆಲಸಾದ್ರೂ ಸರಿ.” ಏಳರೊಳಗೆ ಮನೆ ಸೇರಬೇಕಿತ್ತು, ಇಳಿಜಾರನ್ನು ಹೆಚ್ಚೂಕಡಿಮೆ ಓಡಿಯೇ ಹತ್ತಿದಳು.

ಏಳೂಕಾಲಿಗೆ ಈಶಪ್ಪನ ಜೇಬಿನಲ್ಲಿ ಫೋನು ನಡುಗಿ ನಿಂತಿತು. ಮಿಸ್ಡ್ ಕಾಲ್. ಏಳೂವರೆಗೆ ಇನ್ನೊಂದು. ಮೇಡಂಗೆ ಏನೆಂದು ಬರೆದುಕೊಡಲಿ ಎಂದು ಮೂರನೇ ಹಾಳೆ ಹರಿಯುತ್ತಿದ್ದವನು ಪೆನ್ನು ಬಿಸಾಕಿ ಲಕ್ಷ್ಮವ್ವನಿಗೆ ಮಾಡಿದ.

“ಯಾರಾರ ಬಂದಿಲ್ಲೇನ್ರಿ?” ಎಂದಿತು ಆ ಕಡೆಯ ದನಿ. ಹಿಂದೆ ರಾಮಕ್ಕ ಏನೋ ಗೊಣಗುತ್ತಿದ್ದಳು.

ಈಶಪ್ಪ ಗೋಡೆಯತ್ತ ನೋಡಿದ. ಮೊದಲ ದಿನದ ಅಂಜಿಕೆಗೆ ಎಂದೂ ಬರದವರೂ ಬಂದಿದ್ದರು. ಪಟ್ಟಿ ಮೇಲಿಂದ ಕೆಳಗಿನವರೆಗೆ ಹಸಿರಾಗಿತ್ತು.

“ಇಲ್ಲ ತಂಗಿ. ಎಲ್ಲಾರೂ ಬಂದಾರ.”

ಆ ಕಡೆ ಪೌಡರ್ ಡಬ್ಬಿ ಮುಚ್ಚಿದ ಸದ್ದಾಯಿತು.

“ನಾಳಿ?” ಎಂದಳು ಲಕ್ಷ್ಮವ್ವ. “ನಾಳಿ ಮಂಗಳಾರ ಅಲ್ರಿ.”