ಸಮೋಸಿರ್ ಮುದುಕಿಯ ಹಾಡುಗಳು

"ಓರೆ ಮಾಡ್ರೋ, ಓರೆ! ತಲೆ ಕಡೆ ಸ್ವಲ್ಪ ಎತ್ತಿ!"

ಖಾಲಿ ಶವಪೆಟ್ಟಿಗೆ ನಡುಮನೆಯ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಪಕ್ಕದ ಕೋಣೆಯಲ್ಲಿ ಹಾಡು ರೆಕಾರ್ಡ್ ಮಾಡುವಾಗ ಹೊರಗಿನ ಸದ್ದು ಒಳಗೆ ಬರಬಾರದೆಂದು ಪಾರ್ತೊಗಿ ಹಳೆಯ ಹಾಸಿಗೆಗಳನ್ನು ಬಾಗಿಲ ಚೌಕಟ್ಟಿನವರೆಗೂ ಮೊಳೆ ಹೊಡೆದು ಕೂರಿಸಿದ್ದ. ಅವನ ತಂಗಿ ಲಾಸ್ಮಾ ಸುತ್ತಿಗೆಯಿಂದ ಮೊಳೆ ಕೀಳುತ್ತ ಅಳುನಗುವಿನಲ್ಲೇ ಗೊಣಗಿದಳು: "ಬದುಕಿದ್ದಾಗ್ಲೂ ಮನೇಲಿ ಓಡಾಡೋಕೆ ಜಾಗ ಬಿಡ್ಲಿಲ್ಲ. ಈಗ ತನ್ನ ಪೆಟ್ಟಿಗೆಗೇ ಅಡ್ಡ ನಿಂತಿದಾನೆ ನೋಡಿ ಅತ್ತಿಗೆ!"

ಅತ್ತಿಗೆ ರುಮೊಂದಾಂಗ್ ಹೆಣದ ಪಕ್ಕ ಚಾಪೆಯ ಮೇಲೆ ಕೂತಿದ್ದಳು. ಮೊನ್ನೆ ಬೆಳಿಗ್ಗೆ ಕೆಲಸಕ್ಕೆಂದು ಹೋದ ಗಂಡ ಪಾರ್ತೊಗಿ ಕಚೇರಿಯ ಮೆಟ್ಟಿಲ ಮೇಲೇ ಕುಸಿದಿದ್ದ. ಹೆಂಡತಿಯಾದವಳು ಗಂಡನನ್ನು ಹಾಡಿನಲ್ಲಿ ಕರೆಕರೆದು ಅಳಬೇಕು, ಅದು ಸರೋವರದ ಸುತ್ತಲಿನ ಊರುಗಳ ರೂಢಿ. ಅವಳು ಬರಿದೇ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಎಂಥಾ ಗಂಟಲಿತ್ತು ಇವಳದ್ದು," ಎಂದಳು ನೆರೆಯವಳೊಬ್ಬಳು.

"ಹಾಡೋದು ಬಿಟ್ಟು ಯಾವ ಕಾಲವಾಯ್ತು!"

*

ವರ್ಷಗಳ ಹಿಂದೆ, ಕಚೇರಿಯವರು ಬಿಸಾಡಿದ ಎರಡು ಕಂಪ್ಯೂಟರುಗಳನ್ನು ಪಾರ್ತೊಗಿ ಬೈಕಿಗೆ ಕಟ್ಟಿಕೊಂಡು ತಂದಿದ್ದ. ಹಲ್ಲುಜ್ಜುವ ಬ್ರಷ್ಷಿನಿಂದ ಧೂಳು ತೆಗೆದ, ಒಂದರ ಅಂಗ ಕಿತ್ತು ಇನ್ನೊಂದಕ್ಕೆ ಹಾಕಿದ. ಇದ್ದದ್ದನ್ನೆಲ್ಲ ಅಳಿಸಿ ಹಾಡು ಹಿಡಿಯಲು ಬೇಕಾದಷ್ಟನ್ನೇ ತುಂಬಿದ. ಅದರ ಫ್ಯಾನು ಹಂದಿಯ ಹಾಗೆ ಗುರುಗುಟ್ಟುತ್ತಿತ್ತು. ಯಂತ್ರವನ್ನು ಸೌದೆ ಕೊಟ್ಟಿಗೆಗೆ ಸಾಗಿಸಿ, ಗೋಡೆ ಕೊರೆದು ವೈರು ಒಳಗೆ ಎಳೆದ. ಮೈಕಿಗೆ ಉಸಿರು ಬಡಿಯದಂತೆ ಮುಂದೆ ತನ್ನ ಹಳೆಯ ಕಾಲುಚೀಲ ಬಿಗಿದ.

"ಈಗ ಹಾಡು."

ರುಮೊಂದಾಂಗ್ ಸಂತೆಯಲ್ಲಿ ಮೀನು ಮಾರುವವಳು. ದೋಣಿಯಲ್ಲಿ ಬುಟ್ಟಿ ಹೇರಿಕೊಂಡು ಹೋಗುವಾಗ ತಾನೇ ಕಟ್ಟಿಕೊಂಡ ಹಾಡುಗಳು ಅವಳ ಬಳಿ ಬೇಕಾದಷ್ಟಿದ್ದವು. ಕಿವಿಗೆ ಹಾಕಿದ ಹೆಡ್‌ಫೋನಿನಲ್ಲಿ ಅವಳದೇ ದನಿ ಒಂದು ಕ್ಷಣ ತಡವಾಗಿ ಕೇಳುತ್ತಿತ್ತು.

"ಯಾರೋ ನನ್ನ ಹಿಂದೇನೇ ಹಾಡ್ಕೊಂಡು ಬರ್ತಿದಾರೆ ರೀ!"

"ಮುದಿ ಯಂತ್ರ ಕಣೇ, ಓಡಿ ಬರೋಕೆ ಅದಕ್ಕೂ ಹೊತ್ತು ಬೇಡ್ವಾ?"

ಆ ಬೇಸಿಗೆ ಪೂರ್ತಿ ಹಾಡಿದಳು. ಮದುವೆಯಾದಾಗಿನಿಂದ ಅಷ್ಟು ಹೊತ್ತು ಅವನು ಅವಳ ಬಾಯನ್ನೇ ನೋಡುತ್ತ ಕೂತದ್ದಿರಲಿಲ್ಲ.

ಒಂದು ದಿನ ಅವನು ಮೆಡಾನ್ ನಗರಕ್ಕೆ ಹೋಗಿಬಂದ. "ಹಾಡಿನ ಕಂಪನಿಯವ್ರಿಗೆ ಕೇಳಿಸ್ದೆ. ನಕ್ಕುಬಿಟ್ರು. ಮೀನು ಕೂಗಿ ಮಾರೋಳ ದನಿ ಅಂದ್ರು. ಬೇಜಾರು ಮಾಡ್ಕೋಬೇಡ, ಎಲ್ಲಾ ಅಳಿಸಿಹಾಕಿದೀನಿ."

ಕೈಯಲ್ಲಿ ಸುಗಂಧರಾಜದ ಗೊಂಚಲಿತ್ತು. ಅವಳು ಅದನ್ನು ನೀರಿನ ಜಗ್ಗಿನಲ್ಲಿ ಇಟ್ಟಳು. ಅಂದಿನಿಂದ ದೋಣಿಯಲ್ಲೂ ಹಾಡಲಿಲ್ಲ. ಪ್ರತಿ ವರ್ಷ ಅದೇ ಕಾಲಕ್ಕೆ ಅವನು ಮೆಡಾನಿಗೆ ಹೋಗುವುದು, ಸುಗಂಧರಾಜ ತರುವುದು ನಡೆದೇ ಇತ್ತು. "ನಾನು ನೊಂದಿದ್ದು ಅವ್ರಿಗೆ ಇನ್ನೂ ನೆನಪಿದೆ," ಎಂದು ಅವಳು ಸಂತೆಯ ಹೆಂಗಸರಿಗೆಲ್ಲ ಹೇಳಿಕೊಂಡಿದ್ದಳು.

*

ಹೆಣವನ್ನು ಪೆಟ್ಟಿಗೆಯಲ್ಲಿ ಇಳಿಸುವ ಹೊತ್ತಿಗೆ ಅಂಗಳಕ್ಕೆ ಕಾರೊಂದು ಬಂತು. ಇಳಿದವಳು ದೆಲಿಮಾ. ಜಕಾರ್ತ, ಸಿಂಗಾಪುರದ ಸಭೆಗಳಲ್ಲಿ ಹಾಡುವವಳು. ಇಲ್ಲಿನ ಸಂತೆಯಲ್ಲಿ ಅವಳ ಹೆಸರು ಕೇಳಿದವರಿಲ್ಲ. ಪೆಟ್ಟಿಗೆಗೆ ಹಣೆ ಒತ್ತಿ ಅತ್ತು, ಆಮೇಲೆ ರುಮೊಂದಾಂಗಳ ಕೈ ಹಿಡಿದಳು.

"ಪಾರ್ತೊಗಿ ಮಾವ ಇಲ್ದಿದ್ರೆ ನಾನು ಇನ್ನೂ ಮದುವೆ ಮನೆಗಳಲ್ಲೇ ಹಾಡ್ಕೊಂಡಿರ್ತಿದ್ದೆ ಅಮ್ಮಾ. ಸಮೋಸಿರ್ ಮುದುಕಿ ಹಾಡುಗಳನ್ನ ನಂಗೆ ಕೊಟ್ಟಿದ್ದು ಅವ್ರೇ."

"ಯಾವ ಮುದುಕಿ?"

"ಸಮೋಸಿರ್ ದ್ವೀಪದ ಅಜ್ಜಿ. ಮಾವ ಆ ಹಳೇ ಕಂಪ್ಯೂಟರ್ ದೋಣೀಲಿ ಹಾಕ್ಕೊಂಡು ಹೋಗಿ ರೆಕಾರ್ಡ್ ಮಾಡಿದ್ರಂತಲ್ಲ. ಹಾಡಿ ಮುಗಿಸಿದ ವಾರಕ್ಕೇ ತೀರ್ಕೊಂಡ್ಳಂತೆ. ಎಲ್ಲಿ ಹಾಡಿದ್ರೂ ಮೊದಲು ಅವಳ ಕಥೆ ಹೇಳ್ತೀನಿ. ಜನ ಅತ್ತುಬಿಡ್ತಾರೆ."

"ಯಾವ ಹಾಡು?"

ದೆಲಿಮಾ ತಗ್ಗಿದ ದನಿಯಲ್ಲಿ ಗುನುಗಿದಳು: "ಹುಟ್ಟು ಹಾಕೋ ಕೈಯೇ, ದಣಿಯಬೇಡ…"

ದೋಣಿಯಲ್ಲಿ ತಾನೇ ಕಟ್ಟಿದ ಆ ಹಾಡಿನ ಮುಂದಿನ ಸಾಲು ರುಮೊಂದಾಂಗಳ ತುಟಿಗೆ ಬಂತು.

"ಸಮಾಧಿ ತೋರಿಸಿ ಅಂತ ಎಷ್ಟು ಕೇಳ್ದೆ! ದಾರಿ ಸರಿಯಿಲ್ಲ ಅಂತಿದ್ರು. ಅದಕ್ಕೇ ಹಾಡು ಕೊಟ್ಟ ದಿನದಿಂದ್ಲೂ ವರ್ಷಾವರ್ಷ ನಾನು ಮೆಡಾನಿಗೆ ಬಂದಾಗ ಮಾವನ ಕೈಲಿ ಸುಗಂಧರಾಜ ಕೊಟ್ಟು ಕಳಿಸ್ತಿದ್ದೆ, ಅವಳ ಸಮಾಧಿಗೆ. ತಲುಪ್ತಿತ್ತು ಅಲ್ವಾ ಅಮ್ಮಾ?"

ರುಮೊಂದಾಂಗ್ ಪೆಟ್ಟಿಗೆಯೊಳಗಿನ ಮುಖವನ್ನು ನೋಡಿದಳು. ಯಾರೋ ನೀಟಾಗಿ ತಲೆ ಬಾಚಿದ್ದರು.

"ತಲುಪ್ತಿತ್ತಮ್ಮ," ಎಂದಳು. "ನಾನೇ ನೀರು ಹಾಕ್ತಿದ್ದೆ."

ದೆಲಿಮಾ ಆ ಕೈಗಳನ್ನು ಕಣ್ಣಿಗೊತ್ತಿಕೊಂಡಳು.

ಹಿತ್ತಲಲ್ಲಿ ಮಣ್ಣು ಮಾಡಿ ಮರಳುವವರಿಗೆ ಹಂಡೆಗಳಲ್ಲಿ ಮಾಂಸ ಬೇಯುತ್ತಿತ್ತು. ರುಮೊಂದಾಂಗ್ ನಾದಿನಿಯ ಎದುರು ಬಂದು ನಿಂತಳು.

"ನಿಂಗೆ ಗೊತ್ತಿತ್ತಾ ಲಾಸ್ಮಾ?"

ಲಾಸ್ಮಾ ಒಲೆಗೆ ಸೌದೆ ತುರುಕಿದಳು. ಆಮೇಲೆ ಹೇಳಿದಳು: "ಮೀನು ಮಾರೋಳ ಹಾಡು ಅಂದ್ರೆ ಯಾರೂ ಕೇಳಲ್ಲ, ಸತ್ತೋಳ ಹಾಡು ಅಂದ್ರೆ ಕಿವಿ ಕೊಡ್ತಾರೆ ಅಂದಿದ್ದ. ಒಂದ್ಸಲ ಹೇಳಿದ ಸುಳ್ಳನ್ನ ಹೇಗೆ ವಾಪಸ್ ತಗೋತಾನೆ ಅತ್ತಿಗೆ?"

"ಸಾಯಿಸೋ ಮುಂಚೆ ನನ್ನನ್ನ ಒಂದು ಮಾತು ಕೇಳ್ಬೋದಿತ್ತು."

ಒಳಗೆ ಮುಚ್ಚಳಕ್ಕೆ ಮೊಳೆ ಬೀಳುವ ಸದ್ದು. ವಿಧವೆಯ ತಲೆಗೆ ಹೊದಿಸುವ ಕಪ್ಪು ವಸ್ತ್ರ ಹಿಡಿದುಕೊಂಡು ರುಮೊಂದಾಂಗಳ ತಮ್ಮ ಹಿತ್ತಲಿಗೆ ಬಂದ. "ಅಕ್ಕಾ, ಬಾ. ಎಲ್ಲಾ ಕಾಯ್ತಿದಾರೆ."

"ಸತ್ತೋಳಿಗೆ ಎಂಥಾ ವೈಧವ್ಯವೋ? ತಗೊಂಡು ಹೋಗು."

ತಮ್ಮ ಕಕ್ಕಾಬಿಕ್ಕಿಯಾದ. ದುಃಖಕ್ಕೆ ತಲೆ ಕೆಟ್ಟಿದೆ ಎಂದು ಯಾರೋ ಪಿಸುಗುಟ್ಟಿದರು. ಪಾದ್ರಿ ಗಡಿಯಾರ ನೋಡಿದರು. ಕೊನೆಗೆ ತುತ್ತೂರಿಗಳು ಮೊಳಗಿದವು, ಹೆಂಡತಿಯಿಲ್ಲದೆಯೇ ಮೆರವಣಿಗೆ ಗುಡ್ಡದ ದಾರಿ ಹಿಡಿಯಿತು.

ರುಮೊಂದಾಂಗ್ ಹಂಡೆಯ ಮುಂದೆ ಕೂತು ಸೌಟು ಕೈಗೆತ್ತಿಕೊಂಡಳು. ಮೊದಲ ಸಲ ದನಿ ಒಡೆಯಿತು. ಕೆಮ್ಮಿ ಗಂಟಲು ಸರಿಮಾಡಿಕೊಂಡು ಮತ್ತೆ ಎತ್ತಿದಳು: "ಹುಟ್ಟು ಹಾಕೋ ಕೈಯೇ, ದಣಿಯಬೇಡ…" ಈರುಳ್ಳಿ ಹೆಚ್ಚುತ್ತಿದ್ದ ಹೆಂಗಸರ ಕೈ ನಿಂತಿತು. ದನಿ ಹೊಗೆಯನ್ನು ದಾಟಿ, ಚಾವಣಿಯನ್ನು ದಾಟಿ ಮೇಲಕ್ಕೆ ಹೋಯಿತು.

ಗುಡ್ಡದ ತಿರುವಿನಲ್ಲಿ ದೆಲಿಮಾ ಗಕ್ಕನೆ ನಿಂತಳು. ಅವಳ ಹಿಂದಿನವರೂ ನಿಂತರು. ತುತ್ತೂರಿಯವರು ಒಬ್ಬೊಬ್ಬರಾಗಿ ಬಾಯಿಂದ ವಾದ್ಯ ಇಳಿಸಿದರು. ಪೆಟ್ಟಿಗೆ ಹೊತ್ತವರು ನಡುದಾರಿಯಲ್ಲೇ ನಿಂತರು. ಪೆಟ್ಟಿಗೆ ಗುಡ್ಡದ ಕಡೆ, ಮುಖಗಳೆಲ್ಲ ಮನೆಯ ಕಡೆ.